ತೊಯ್ದ ಧೋತರದ ಮನುಷ್ಯ ಮತ್ತು ನಲವತ್ತು ಗಾಡಿ

ದಿನಚರಿ ಬರೆಯುವ ಚಟ ನನಗೆ ಶಾಲೆಯಲ್ಲಿ ಹತ್ತಿತು. ಹಾಳೆಯ ತಲೆಗೆ ನಮ್ಮ ಸಂಸ್ಥಾನದ ಫಸಲಿ ತಾರೀಖು, ಅದರ ಕೆಳಗೆ ಪಂಚಾಂಗದ ತಿಥಿ, ಅದರ ಕೆಳಗೆ ಹೊಳೆಯಾಚೆಯವರು ನಡೆಸುವ ಇಂಗ್ರೇಜಿ ತಾರೀಖು. ಒಂದೇ ದಿನಕ್ಕೆ ಮೂರು ಹೆಸರು ಬರೆದ ಮೇಲೆಯೇ ಆ ದಿನ ನಿಜವಾಗಿ ಆಗಿದೆ ಎಂದು ನನಗೆ ಅನ್ನಿಸುತ್ತಿತ್ತು. ಆಮೇಲೆ ಎಷ್ಟು ಹಗ್ಗ ಹೋದವು, ಎಷ್ಟು ಬಾರುಕೋಲು ಉಳಿದವು ಎಂಬ ವಿವರ. ಸೋದರಮಾವನದು ಹಗ್ಗದ ವ್ಯಾಪಾರ. ಅಫಜಲಪುರ, ಜೇವರ್ಗಿ, ಆಳಂದದ ಸಂತೆಗಳಿಗೆ ಅವನ ಗಾಡಿ ಹೊಡೆಯುವುದು ನನ್ನ ಕೆಲಸ. ನಾನು ಸಂತೆಯಲ್ಲಿ ಪುಸ್ತಕ ತೆಗೆದರೆ ಮಾವ ಬೈಯುತ್ತಿದ್ದ. ಗಿರಾಕಿಗಳು ನಮ್ಮನ್ನು ಪೊಲೀಸರೆಂದು ತಿಳಿದು ಪಕ್ಕದ ಅಂಗಡಿಗೆ ಹೋಗುತ್ತಾರೆಂದು ಅವನ ದೂರು.

ನಾನು ಹೇಳಹೊರಟದ್ದು ಮೂವತ್ತೇಳನೆಯ ಇಸವಿಯ ಮಾಘ ಮಾಸದ ಮಾತು. ಆಗ ನನಗೆ ಇಪ್ಪತ್ತು ವರ್ಷ. ಭೀಮಾ ಹೊಳೆಯ ಈಚೆ ದಂಡೆ ಹೈದರಾಬಾದ್ ಸಂಸ್ಥಾನದ್ದು; ಆಚೆಯವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ಆಚೆ ದಂಡೆ ಇಂಗ್ರೇಜಿ ಮುಲುಕು, ಬ್ರಿಟಿಷರ ಸೀಮೆ. ಎರಡೂ ಕಡೆ ಅದೇ ಕನ್ನಡ, ಅದೇ ಜೋಳ, ಅದೇ ಬೀಗರು. ಆದರೆ ಆ ವರ್ಷ ಇಂಗ್ರೇಜಿ ಮುಲುಕಿನಲ್ಲಿ ದೇಶಕ್ಕೆಲ್ಲ ಚುನಾವಣೆ ಬಂತು. ನಮಗೆ ಓಟು ಎಂಬುದೇ ಇರಲಿಲ್ಲ. ಅದನ್ನು ಕೈಯಲ್ಲಿ ಹಾಕುತ್ತಾರೋ ಬಾಯಲ್ಲಿ ಹಾಕುತ್ತಾರೋ ನಮ್ಮೂರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನಗಾಗಿ ಆಚೆ ದಂಡೆಯ ಒಂದು ಹಳ್ಳಿಯಲ್ಲಿ ಹೆಣ್ಣು ನೋಡಿದ್ದರು. ಹುಡುಗಿಯ ತಂದೆ ಎರಡು ಜೋಡಿ ಎತ್ತಿನ ಒಕ್ಕಲುತನದವರು. ಆ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪರವಾಗಿ ಮನೆಮನೆ ತಿರುಗುತ್ತಿದ್ದರು. ನಾವು ಹೆಣ್ಣು ನೋಡಲು ಹೋಗುವ ಮುಹೂರ್ತವನ್ನು ಅವರೇ ಪಂಚಾಂಗ ತೆಗೆಸಿ ಗೊತ್ತುಮಾಡಿದ್ದರು. ಓಟಿನ ದಿನವೂ ಅದೇ ಎಂದು ಆಮೇಲೆ ತಿಳಿಯಿತು. ಒಳ್ಳೆಯ ದಿನದಲ್ಲಿ ಎರಡು ಒಳ್ಳೆಯ ಕೆಲಸ ಆಗಲಿ ಎಂದು ಹೇಳಿ ಕಳಿಸಿದರಂತೆ.

ನಾವು ಹೋದದ್ದು ಒಂದೇ ಗಾಡಿ. ಅವ್ವ, ಅಕ್ಕ, ಭಾವ, ಸೋದರಮಾವ, ನಾನು, ಮತ್ತು ಒಂದು ಚೀಲ ಸೀತನಿ. ಹಸಿ ಜೋಳದ ತೆನೆ ಸುಟ್ಟು ತಿಕ್ಕಿದ ಆ ಸೀತನಿಯ ವಾಸನೆಗೆ ದಾರಿಯುದ್ದಕ್ಕೂ ಭಾವ ಚೀಲದ ಬಾಯಿ ಬಿಚ್ಚುತ್ತಲೇ ಇದ್ದ. ಸೊನ್ನದ ಹತ್ತಿರ ಹೊಳೆಯಲ್ಲಿ ನೀರು ಮೊಳಕಾಲುದ್ದ. ಎಲ್ಲಿ ಆಳವಿದೆ ಎಂದು ತೋರಿಸುತ್ತೇನೆಂದು ಮಾವ ಗಾಡಿಯ ಮೂಕಿಯ ಮೇಲೆ ನಿಂತ. ತೋರಿಸಿದ. ಸರಿಯಾಗಿ ಆ ಆಳದಲ್ಲೇ ಬಿದ್ದ. ತಲೆಯ ಕೆಂಪು ರುಮಾಲು ಮಾತ್ರ ತೊಯ್ಯದೆ ಉಳಿಯಿತು; ಉಳಿದದ್ದೆಲ್ಲ ತೊಯ್ದಿತು.

ಹಳ್ಳಿ ಮುಟ್ಟಿದಾಗ ಶಾಲೆಯ ಮುಂದೆ ಮಂದಿ ಸಾಲಾಗಿ ನಿಂತಿದ್ದರು. ಮನೆಯ ದಾರಿ ಕೇಳಿ ಬರಲು ಮಾವ ಇಳಿದು ಹೋದ. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅವನೂ ಸಾಲಿನಲ್ಲಿ ನಿಂತು ನಡುಗುತ್ತಿದ್ದಾನೆ. ಒಬ್ಬ ಪೊಲೀಸ್ ಅವನನ್ನು ಓಟಿನವನೆಂದು ತಿಳಿದು ಹೆಗಲು ಹಿಡಿದು ನಿಲ್ಲಿಸಿದ್ದನಂತೆ. ಸಾಲು ಇದ್ದಲ್ಲಿ ಏನಾದರೂ ಹಂಚುತ್ತಾರೆಂದು ಮಾವನೂ ಸುಮ್ಮನೆ ನಿಂತಿದ್ದ. ಬಾಗಿಲಲ್ಲಿ ಊರಿನ ಕುಲಕರ್ಣಿ ಕುಳಿತು ಒಬ್ಬೊಬ್ಬರ ಹೆಸರು ಕೂಗಿ, ಮುಖ ನೋಡಿ ಒಳಗೆ ಬಿಡುತ್ತಿದ್ದರು. ಮಾವನ ಮುಖ ಕಂಡದ್ದೇ ತಡ, ಈತ ನಮ್ಮೂರವನಲ್ಲ ಎಂದು ಹೊರಗೆ ಹಾಕಿದರು. ಏನೂ ಹಂಚದೆ ಕಳಿಸಿದರೆಂದು ಮಾವನಿಗೆ ಬೇಸರವಾಯಿತು.

ನಾವು ಮನೆ ಮುಟ್ಟುವಷ್ಟರಲ್ಲಿ ಹುಡುಗಿಯ ತಂದೆ ಶಾಲೆಯಿಂದ ಓಡುತ್ತ ಬಂದು ನಮಸ್ಕಾರ ಮಾಡಿದರು. ಮಾವನನ್ನು ನೋಡಿ, ತಮ್ಮದೊಂದು ಒಣ ಧೋತರ ಕೊಡಿರೆಂದು ಒಳಗೆ ಕೂಗಿ ಹೇಳಿ ಮತ್ತೆ ಶಾಲೆಗೆ ಓಡಿದರು. ಹುಡುಗಿ ಧೋತರ ತಂದುಕೊಟ್ಟಳು. ಅಗಲ ಹಸಿರು ಅಂಚಿನದು. ಮಾವ ಬಿಚ್ಚಿಕೊಟ್ಟ ತೊಯ್ದ ಧೋತರವನ್ನು ಹಿಂಡಿ, ಅಂಗಳದ ಗೋಡೆಯ ಮೇಲೆ ಹರವಿ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಒಂದೊಂದು ಕಲ್ಲಿಟ್ಟಳು. ಆಮೇಲೆ ಒಂದು ಕಲ್ಲು ಸಣ್ಣದಾಯಿತೆಂದು ಅದನ್ನು ತೆಗೆದು ಬೇರೆಯದನ್ನು ಹುಡುಕಿ ತಂದಿಟ್ಟಳು.

ತಿರುಗಿ ಬರುವಾಗ ಹುಡುಗಿ ಹೇಗಿದ್ದಾಳೆಂದು ಅವ್ವ ಕೇಳಿದಳು.

"ನಾಲ್ಕೂ ಮೂಲಿಗೆ ಕಲ್ಲ ಇಟ್ಟಾಳ," ಎಂದೆ.

ಅವ್ವ ಮಾವನ ಕಡೆ ತಿರುಗಿ, "ಇವಗ ಒಪ್ಪಿಗಿ ಅದ ನೋಡಪ," ಎಂದಳು.

ಹೊರಡುವ ಗಡಿಬಿಡಿಯಲ್ಲಿ ಮಾವ ತನ್ನ ಧೋತರವನ್ನು ಅಲ್ಲೇ ಗೋಡೆಯ ಮೇಲೆ ಬಿಟ್ಟು, ಅವರದನ್ನೇ ಉಟ್ಟುಕೊಂಡು ಬಂದಿದ್ದ.

ಓಟಿನ ಎಣಿಕೆ ಮುಗಿದ ಮೇಲೆ ಹೇಳಿ ಕಳಿಸುತ್ತೇನೆಂದಿದ್ದರು ಹುಡುಗಿಯ ತಂದೆ. ಎಣಿಕೆ ಮುಗಿಯಿತು, ಅವರ ಅಭ್ಯರ್ಥಿ ಸೋತ. ಸುದ್ದಿ ತಂದವನು ಸೊನ್ನದ ಹರಗೋಲಿನವನು. ಮಗಳನ್ನು ಮೊಗಲಾಯಿಗೆ ಕೊಡುವುದಿಲ್ಲವಂತೆ. ಮೊಗಲಾಯಿಯ ಎಂಟು ಗಾಡಿ ಮಂದಿ ಹೊಳೆ ದಾಟಿ ಬಂದು ಓಟು ಹಾಕಿ, ಚುನಾವಣೆ ಕೆಡಿಸಿ ಹೋದರಂತೆ. ಎಲ್ಲರೂ ಕೆಂಪು ರುಮಾಲಿನವರು. ಅವರಲ್ಲಿ ಒಬ್ಬ ಎಷ್ಟು ಆತುರದವನೆಂದರೆ, ತೊಯ್ದ ಧೋತರದಲ್ಲೇ ನಡುಗುತ್ತ ಸಾಲಿನಲ್ಲಿ ನಿಂತಿದ್ದನಂತೆ.

ಹೊಳೆಯ ಮೇಲೆಯೇ ಇರುವವನು ನೀನು, ಎಂಟು ಗಾಡಿ ನೋಡಿದೆಯಾ ಎಂದು ಕೇಳಿದೆ.

"ನಾ ನೋಡಿದ್ದು ನಿಮ್ಮದೊಂದ," ಎಂದ. "ಉಳದಾವು ಬ್ಯಾರೆ ಕಡಿ ದಾಟಿರಬೇಕು."

ಆ ಎಂಟನ್ನು ದಿನಚರಿಯಲ್ಲಿ ಬರೆದುಕೊಂಡೆ. ಮುಂದಿನ ಜೇವರ್ಗಿ ಸಂತೆಗೆ ಹೋದಾಗ ಇಜೇರಿಯ ಒಬ್ಬ ರೈತ ಬಾರುಕೋಲು ಚೌಕಾಸಿ ಮಾಡುತ್ತ ಅದೇ ಸುದ್ದಿ ತೆಗೆದ. ಅವನ ಲೆಕ್ಕದಲ್ಲಿ ಹದಿನೆಂಟು ಗಾಡಿ. ಅವನ ಪ್ರಕಾರ ತೊಯ್ದ ಧೋತರದವನು ಹೊಳೆ ಈಜಿ ಬಂದವನು. ಆಳಂದಕ್ಕೆ ಹೋಗುವ ದಾರಿಯಲ್ಲಿ ಮಾದನಹಿಪ್ಪರಗಿಯ ಚಹಾದ ಅಂಗಡಿಯಲ್ಲಿ ಕುಳಿತಾಗ ಅದು ನಲವತ್ತಾಗಿತ್ತು. ಹೊಳೆಯಿಂದ ದೂರ ಹೋದಷ್ಟೂ ಗಾಡಿಗಳು ಹೆಚ್ಚುತ್ತಿದ್ದವು. ಇನ್ನಷ್ಟು ದೂರ ಹೋದರೆ ಆನೆಗಳೂ ಸಿಗುತ್ತಿದ್ದವೋ ಏನೋ. ಆದರೆ ತೊಯ್ದ ಧೋತರದವನು ಮಾತ್ರ ಎಲ್ಲೆಡೆ ಒಬ್ಬನೇ. ಎಂಟು ಗಾಡಿಗೂ ಒಬ್ಬ, ನಲವತ್ತು ಗಾಡಿಗೂ ಒಬ್ಬ. ನಲವತ್ತು ಗಾಡಿ ಹೊಳೆ ದಾಟಿದರೆ ನಾಲ್ಕೈದು ಮಂದಿಯಾದರೂ ತೊಯ್ಯಬೇಕಲ್ಲ ಎಂದು ಯೋಚಿಸುತ್ತ ಪಕ್ಕಕ್ಕೆ ನೋಡಿದೆ. ಮಾವ ಬಸಿಯಲ್ಲಿ ಚಹಾ ಆರಿಸುತ್ತ, ಅಂಗಡಿಯವನ ಮಾತಿಗೆಲ್ಲ ತಲೆದೂಗುತ್ತಿದ್ದ.

"ನಮ್ಮ ಮಂದಿ ಹಿಂಗ ಮಾಡಬಾರದಿತ್ತು," ಎಂದ ಅಂಗಡಿಯವನಿಗೆ. "ಅದರಾಗ ಆ ತೊಯ್ಸಿಕೊಂಡಾವ ಭಾಳ ನಾಚಿಕಿಗೇಡಿ ಇರಬೇಕು ನೋಡ್ರಿ."

ಗಾಡಿ ಹತ್ತಿದ ಮೇಲೆ ಕೇಳಿದೆ. "ಮಾಮಾ, ಆವತ್ತ ಹೊಳ್ಯಾಗ ಬಿದ್ದಾವ ಯಾರು?"

"ನಾ."

"ಸಾಲಿನ್ಯಾಗ ನಿಂತಾವ?"

ಮಾವ ಸ್ವಲ್ಪ ಹೊತ್ತು ಎತ್ತುಗಳ ಬೆನ್ನು ನೋಡಿದ. "ಹೊಳಿ ಅಂದಮ್ಯಾಲ ನಾ ಒಬ್ಬನ ಬೀಳ್ತೀನೇನಲೇ?" ಎಂದ. ಆದರೆ ಆಳಂದ ಮುಟ್ಟುವವರೆಗೆ ಮತ್ತೆ ಮಾತಾಡಲಿಲ್ಲ. ಅದು ಮಾವನ ಮಟ್ಟಿಗೆ ಒಪ್ಪಿಕೊಂಡ ಹಾಗೆಯೇ.

ಮನೆಯಲ್ಲಿ ಅವ್ವ ಬೇರೆ ಹೆಣ್ಣಿನ ಮಾತು ತೆಗೆದಿದ್ದಳು. ಜೇವರ್ಗಿ ಕಡೆ ಒಂದು, ಆಳಂದದ ಕಡೆ ಒಂದು. ಹೊಳೆಯ ರಗಳೆಯೂ ಇಲ್ಲ, ಓಟಿನ ರಗಳೆಯೂ ಇಲ್ಲ. ನಾನು ಒಲ್ಲೆ ಎಂದೆ. ಇಲ್ಲದ ಮೂವತ್ತೊಂಬತ್ತು ಗಾಡಿಗಳ ಸಲುವಾಗಿ ಇರುವ ಒಬ್ಬ ಹುಡುಗಿಯನ್ನು ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಅಕ್ಕ ಆ ಹಸಿರು ಅಂಚಿನ ಧೋತರವನ್ನು ಒಗೆದು ಮಡಿಚಿ ಗಂಟು ಕಟ್ಟಿ ಮಾವನ ಕೈಗೆ ಕೊಟ್ಟಳು. ಮಾವನನ್ನು ಕರೆದುಕೊಂಡು ಹೊರಟೆ. ಹೊಳೆ ದಾಟುವಾಗ ಅವನನ್ನು ಗಾಡಿಯ ನಡುವೆ ಕೂಡಿಸಿದೆ.

ಹುಡುಗಿಯ ತಂದೆ ಪಡಸಾಲೆಯಲ್ಲಿದ್ದರು. ನೆರೆಯ ಇಬ್ಬರು ಮೂವರು ಹಿರಿಯರೂ ಇದ್ದರು. ಬರ್ರಿ ಕೂಡ್ರಿ ಎಂದರು, ಸೌಜನ್ಯಕ್ಕೆ ಕೊರತೆಯಾಗಲಿಲ್ಲ. ಆದರೆ ನೀರು ಕೊಟ್ಟಾದ ಕೂಡಲೇ ಮಾತಿಗೆ ಬಂದರು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ನೀವು ಒಳ್ಳೆಯವರು, ಆದರೆ ನಿಮ್ಮ ಮುಲುಕಿನ ಮಂದಿ ನಮ್ಮ ದೇಶದ ಚುನಾವಣೆಯಲ್ಲಿ ಕೈ ಹಾಕಿದರು, ಆ ಕಡೆಗೆ ಮಗಳನ್ನು ಹೇಗೆ ಕಳಿಸಲಿ ಎಂದರು. ಗಾಡಿಗಳ ಸಂಖ್ಯೆ ಆಳಂದಕ್ಕೆ ಹೋಗಿ, ಬೆಳೆದು, ಹೊಳೆ ದಾಟಿ ಅವರ ಪಡಸಾಲೆಗೇ ತಿರುಗಿ ಬಂದಿತ್ತು. ಅವರೂ ನಲವತ್ತೇ ಎಂದರು.

ಬರುವ ದಾರಿಯಲ್ಲಿ ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ.

"ಕುಲಕರ್ಣಿಯವರು ಹೆಸರು ಕೂಗಿ, ಮುಖ ನೋಡೇ ಒಳಗ ಬಿಟ್ಟಾರಲ್ರಿ," ಎಂದೆ. "ನಲವತ್ತು ಗಾಡಿ ಮಂದಿ ಓಟು ಹಾಕ್ಯಾರಂದ್ರ ಅಷ್ಟ ಹೆಸರು ನಿಮ್ಮೂರವರದ ಹೋಗಿರಬೇಕು. ನನ್ನ ಹೆಸರಲೆ ಯಾರೋ ಹಾಕಿ ಹ್ವಾದರು ಅಂತ ಊರಾಗ ಒಬ್ಬರರ ತಿರುಗಿ ಬಂದಾರೇನ್ರಿ?"

ಅವರು ಹಿರಿಯರ ಕಡೆ ನೋಡಿದರು. ಹಿರಿಯರು ಒಬ್ಬರನ್ನೊಬ್ಬರು ನೋಡಿದರು. ಯಾರೂ ಬಂದಿರಲಿಲ್ಲ.

"ಮತ್ತ ಆ ತೊಯ್ಸಿಕೊಂಡಾವ?" ಎಂದರು ಹುಡುಗಿಯ ತಂದೆ. "ಅವನ್ನ ನೂರು ಮಂದಿ ನೋಡ್ಯಾರ. ಅಂವ ಸುಳ್ಳೇನು?"

ನಾನು ಮಾವನ ಕಡೆ ನೋಡಿದೆ. ಮಾವ ಗಂಟು ಬಿಚ್ಚಬೇಕಿತ್ತು. ಅದನ್ನು ಇನ್ನೂ ಗಟ್ಟಿಯಾಗಿ ಅಪ್ಪಿ ಹಿಡಿದು ಕುಳಿತುಬಿಟ್ಟಿದ್ದ. ಅಷ್ಟರಲ್ಲಿ ಒಳಗಿನಿಂದ ಹುಡುಗಿ ಬಂದಳು. ಕೈಯಲ್ಲಿ ಮಡಿಚಿದ ಒಂದು ಧೋತರ. ಅಂಚು ಅಂಚಿಗೆ ಕೂಡುವಂತೆ ಮಡಿಚಿದ್ದಳು. ಅದನ್ನು ತಂದೆಯ ಮುಂದೆ ಇಟ್ಟಳು.

"ಅಪ್ಪಾ, ಆ ತೊಯ್ಸಿಕೊಂಡಾವನ ಧೋತ್ರ ಇದು. ನೀವ ಒಣಾದು ಕೊಡು ಅಂದ್ರಿ, ನಿಮ್ಮ ಹಸರ ಅಂಚಿಂದು ಕೊಟ್ಟೇನಿ. ಅಂವ ನಿಮ್ಮ ಮುಂದ ಕುಂತಾನ."

ಮಾವ ಆಗ ಗಂಟು ಬಿಚ್ಚಿದ. ಹಸಿರು ಅಂಚು ಹೊರಬಂತು. ಸಾಲಿನಲ್ಲಿ ಏನೋ ಹಂಚುತ್ತಾರೆಂದು ತಿಳಿದಿದ್ದೆ, ಕುಲಕರ್ಣಿಯವರು ಮುಖ ನೋಡಿ ಹೊರಗೆ ಹಾಕಿದರು ಎಂದು ನೆಲ ನೋಡುತ್ತ ಹೇಳಿದ.

ಹುಡುಗಿಯ ತಂದೆ ಎರಡೂ ಧೋತರ ನೋಡಿದರು. ಇಷ್ಟು ದಿನ ನೀನು ಯಾಕೆ ಹೇಳಲಿಲ್ಲವೆಂದು ಮಗಳನ್ನು ಕೇಳಿದರು. ತನ್ನನ್ನು ಯಾರೂ ಕೇಳಲಿಲ್ಲ ಎಂದಳು ಅವಳು. ಅವರು ಎರಡೂ ಧೋತರಗಳನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು.

"ಒಂದು ಗಾಡಿ ನಿಮ್ಮದು. ಹೌದಪ," ಎಂದರು. "ಉಳದ ಮೂವತ್ತೊಂಬತ್ತು?"

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಎಂಟು, ಹದಿನೆಂಟು, ನಲವತ್ತು ಎಂದು ಊರೂರಿನ ಹೆಸರು ಹಿಡಿದು ಹೇಳಬಹುದಿತ್ತು. ಆದರೆ ಅವರ ಮುಖ ನೋಡಿ ಸುಮ್ಮನಾದೆ. ಎರಡು ತಿಂಗಳು ಅವರು ಆ ಊರಿನ ಬಾಗಿಲು ಬಾಗಿಲು ತಟ್ಟಿದ್ದರು. ಪ್ರತಿ ಬಾಗಿಲಲ್ಲೂ ಮನೆಯವರು ಹೌದ್ರಿ, ನಮ್ಮ ಓಟು ನಿಮಗೇ ರೀ ಎಂದಿದ್ದರು. ಗಾಡಿಗಳು ಬರಲಿಲ್ಲವೆಂದಾದರೆ ಹೌದ್ರಿ ಎಂದವರೇ ಬೇರೆಯವನಿಗೆ ಹಾಕಿದ್ದಾರೆ ಎಂದಾಗುತ್ತಿತ್ತು. ನೆರೆಯವರಿಗಿಂತ ಆ ಮೂವತ್ತೊಂಬತ್ತು ಗಾಡಿಗಳೇ ಅವರಿಗೆ ಹಿತವಾಗಿದ್ದವು.

ಆ ಮಾತು ಅವರಿಗೂ ಹೊಳೆದಿರಬೇಕು. ಪಕ್ಕದಲ್ಲಿ ಕುಳಿತಿದ್ದ ಹಿರಿಯನ ಕಡೆ ಮೆಲ್ಲಗೆ ತಿರುಗಿದರು. ಆತ ಅವರ ಹೊಲದ ಬದುವಿಗೆ ಬದು ಹತ್ತಿದ ಹೊಲದವನು. "ನೀ ಯಾರಿಗೆ ಹಾಕೀದಿ ಮಾರಾಯ?"

ಆತ ಮಾಡಿನ ತೊಲೆ ನೋಡಿದ. "ಹಾಕೇನಿ ತಗೋ," ಎಂದ.

"ಹಾಕಿದ್ದು ಹೌದು. ಯಾರಿಗೆ?"

"ನಿಮ್ಮಾಂವ ಒಂದ ಸಲ ನಮ್ಮೂರಿಗೆ ಬಂದು ಮಾರಿ ತೋರಿಸಿದ್ದರ," ಎಂದು ಆತ ಎಳೆದ. ಅಲ್ಲಿಗೆ ಮಾತು ನಿಲ್ಲಿಸಿ ಸೀತನಿ ಎಲ್ಲಿಯದೆಂದು ನನ್ನನ್ನು ಕೇಳಿದ. ಈ ಸಲ ನಾವು ಸೀತನಿ ತಂದೇ ಇರಲಿಲ್ಲ.

ಮೊದಲು ನಕ್ಕವಳು ಹುಡುಗಿ, ಬಾಗಿಲ ಮರೆಯಿಂದ. ಆಮೇಲೆ ಮಾವ. ಕೊನೆಗೆ ಅವಳ ತಂದೆಯೂ ನಕ್ಕರು; ಪೂರ್ತಿ ಮನಸ್ಸಿನಿಂದಲ್ಲ, ಆದರೆ ಹಲ್ಲು ಕಾಣುವಷ್ಟು. ನೆರೆಯವನ ಜೊತೆ ಆಮೇಲೆ ಹದಿನೈದು ದಿನ ಮಾತು ಬಿಟ್ಟರಂತೆ. ರಾಶಿಯ ಕಾಲಕ್ಕೆ ಎತ್ತು ಬೇಕಾದಾಗ ಮತ್ತೆ ಮಾತಾದವು.

ವೈಶಾಖದಲ್ಲಿ ಮದುವೆಯಾಯಿತು. ಹಂದರದಲ್ಲಿ ಹುಡುಗಿಯ ತಂದೆ ಬಂದ ಬೀಗರಿಗೆಲ್ಲ ನಮ್ಮನ್ನು ತೋರಿಸಿ, ನಮ್ಮ ಚುನಾವಣೆ ಕೆಡಿಸಿದವರು ಇವರೇ ನೋಡ್ರಿ ಎಂದು ಪರಿಚಯ ಮಾಡಿಕೊಟ್ಟರು. ಸೋದರಮಾವ ಹಸಿರು ಅಂಚಿನ ಹೊಸ ಧೋತರ ಉಟ್ಟಿದ್ದ. ಅದು ಅವರೇ ಉಡುಗೊರೆ ಕೊಟ್ಟದ್ದು.

ಈಗ ಆರು ವರ್ಷವಾಯಿತು. ದಿನಚರಿ ನಿಂತಿಲ್ಲ, ಹಗ್ಗದ ವ್ಯಾಪಾರವೂ ನಿಂತಿಲ್ಲ. ಆ ಸುದ್ದಿಯೂ ಪೂರ್ತಿ ಸತ್ತಿಲ್ಲ. ಆಳಂದದ ಸಂತೆಯಲ್ಲಿ ಯಾರಾದರೂ ಮುದುಕರು ಹೊಗೆಸೊಪ್ಪು ತಿಕ್ಕುತ್ತ ಅದನ್ನು ಎತ್ತುತ್ತಾರೆ. ನಾನು ಅಡ್ಡ ಬಾಯಿ ಹಾಕುವುದಿಲ್ಲ. ಎಷ್ಟೆಂದು ಕೇಳಿ ಬರೆದುಕೊಳ್ಳುತ್ತೇನೆ, ಯಾಕೆಂದರೆ ಮನೆಯಲ್ಲಿ ಕೇಳುವವರಿದ್ದಾರೆ. ಮೊನ್ನೆಯೂ ನಾನು ಎತ್ತುಗಳ ಕೊರಳ ಹಗ್ಗ ಬಿಚ್ಚುವ ಮೊದಲೇ ಹೆಂಡತಿ ಬಾಗಿಲಿಗೆ ಬಂದಳು.

"ಎಷ್ಟ ಆದ್ವು ಇವತ್ತ?"

"ಅರವತ್ತು," ಎಂದೆ.

"ತೊಯ್ಸಿಕೊಂಡಾವ?"

"ಅಂವ ಒಬ್ಬನ."