ರೈಲಿನೊಳಗೇ ಉಳಿದ ಅತ್ತೆ

ಎರಡು ಸಾವಿರದ ಹದಿನೈದರ ಆಸುಪಾಸು. ನಾವು ಸ್ವೀಡನ್ನಿನ ಉಮೆಯೊ ಊರಿನಲ್ಲಿದ್ದೆವು. ಅತ್ತೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಒಂದು ಶನಿವಾರ ಬೆಳಿಗ್ಗೆ, ಜ್ವರದಲ್ಲಿದ್ದ ಗಂಡನನ್ನು ಮಲಗಲು ಬಿಟ್ಟು, ಅತ್ತೆಯನ್ನೂ ಒಂದೂವರೆ ವರ್ಷದ ಮಗಳನ್ನೂ ಕರೆದುಕೊಂಡು ಸರೋವರ ನೋಡಲು ರೈಲು ಹತ್ತಿದೆ.

ದಾರಿಯುದ್ದಕ್ಕೂ ಜಗಳ. ಮುಂದಿನ ತಿಂಗಳು ಮಗುವನ್ನು ದಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ ಸೇರಿಸಿ, ನಾನು ಕೆಲಸಕ್ಕೆ ಮರಳುವವಳಿದ್ದೆ.

"ಮಾತೇ ಬರದ ಕೂಸನ್ನ ಯಾರದೋ ಕೈಗೆ ಕೊಟ್ಟು ಹೋಗ್ತೀಯಲ್ಲ, ಹೇಗಮ್ಮಾ ಮನಸ್ಸು ಬರುತ್ತೆ ನಿಂಗೆ?"

"ಇಲ್ಲಿ ಎಲ್ಲರೂ ಹಾಗೇ ಮಾಡೋದು ಅತ್ತೆ," ಎಂದು ಮುಖ ತಿರುಗಿಸಿದೆ.

ಸ್ಟೇಷನ್ ಬಂತು. ಮಗುವಿದ್ದ ತಳ್ಳುಗಾಡಿ ಇಳಿಸಿಕೊಂಡು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಗಾಜಿನಾಚೆ ಅತ್ತೆಯ ಅಂಗೈ. ಬಟನ್ ಒತ್ತಿದೆ, ಬಾಗಿಲು ಬಡಿದೆ. ರೈಲು ಹೊರಟೇಬಿಟ್ಟಿತು.

ಅದು ಸಿಬ್ಬಂದಿಯೇ ಇಲ್ಲದ ನಿಲ್ದಾಣ. ಒಂದು ಪ್ಲಾಟ್‌ಫಾರ್ಮು, ಒಂದು ಬೆಂಚು, ಕಂಬಕ್ಕೆ ಅಂಟಿಸಿದ ವೇಳಾಪಟ್ಟಿ. ಸ್ಟೇಷನ್ ಮಾಸ್ಟರ್ ಅಂತ ಒಬ್ಬನಿದ್ದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ಅತ್ತೆಯ ಹತ್ತಿರ ಫೋನಿಲ್ಲ. ಇಂಗ್ಲಿಷ್ ಬರುತ್ತಿದ್ದದ್ದು ನಾಲ್ಕು ಪದ. ಸಹಾಯವಾಣಿಯಲ್ಲಿ ಕಾಯಿರಿ, ಕಾಯಿರಿ ಎನ್ನುವ ಸ್ವೀಡಿಷ್ ರೆಕಾರ್ಡಿಂಗು. ಗಂಡನಿಗೆ ಫೋನ್ ಮಾಡಿದೆ.

"ಅಮ್ಮನ ಕೈ ಹಿಡ್ಕೊಂಡು ಇಳಿಸೋಕಾಗ್ಲಿಲ್ವಾ? ಮತ್ತೆ ಜಗಳ ಆಡಿದ್ರಾ?"

ಫೋನ್ ಇಟ್ಟು ವೇಳಾಪಟ್ಟಿ ನೋಡಿದೆ.

ವಾಪಸ್ ರೈಲಿಗೆ ಇನ್ನೂ ಒಂದೂಕಾಲು ಗಂಟೆ. ಅದರಲ್ಲಿ ಅವರಿರುತ್ತಾರೆಂದು ಏನು ಗ್ಯಾರಂಟಿ? ತಳ್ಳುಗಾಡಿ ತಳ್ಳುತ್ತಾ ಆ ತುದಿಯಿಂದ ಈ ತುದಿಗೆ ನಡೆದೆ. ಮಂಡಿನೋವಿನ ಅತ್ತೆ ಏಳುವುದೇ ನಿಧಾನ ಎಂದು ನನಗೆ ಗೊತ್ತಿತ್ತು. ಇಳಿಯುವಾಗ ಒಂದು ಸಲ ತಿರುಗಿ ನೋಡಬಹುದಿತ್ತು. ಸಿಟ್ಟಿಗೆ ನೋಡಲಿಲ್ಲವೇ? ಮಗು ಅಳತೊಡಗಿತು, ಬಿಸ್ಕತ್ತು ಕೊಟ್ಟರೆ ಎಸೆಯಿತು. ಮತ್ತೆ ನಡೆದೆ.

ಕೊನೆಗೂ ರೈಲು ಬಂತು. ಮೊದಲ ಬಾಗಿಲಲ್ಲಿ ಯಾರೂ ಇಲ್ಲ. ಎರಡನೆಯದರಲ್ಲೂ ಇಲ್ಲ. ಕಟ್ಟಕಡೆಯ ಬಾಗಿಲಿನಿಂದ ಮಹಿಳಾ ಕಂಡಕ್ಟರ್ ಒಬ್ಬರು ಅತ್ತೆಯ ತೋಳು ಹಿಡಿದು ಇಳಿಸಿದರು. ಅತ್ತೆ ಹಿಂದಕ್ಕೆ ಕೈ ತೋರಿಸುತ್ತಾ "ಬೇಬಿ, ಬೇಬಿ" ಎಂದು ಗೋಗರೆದದ್ದು ಆ ರೈಲಿನವರಿಗೆ ಅರ್ಥವಾಗಿ, ಮುಂದಿನ ನಿಲ್ದಾಣದಲ್ಲಿ ಇಳಿಸಿ ಈ ರೈಲಿಗೆ ಒಪ್ಪಿಸಿದ್ದರಂತೆ.

"ಬಾಗಿಲು ತೆಗೆಯೋಕೆ ಗುಂಡಿ ಒತ್ತಬೇಕು ಅಂತ ಮೊದಲೇ ಹೇಳಬಾರದಿತ್ತೇನೇ?" ಎಂದರು ಅತ್ತೆ. ಬೆಂಚಿನ ಮೇಲೆ ಕುಸಿದು, ಮಗುವನ್ನು ಎತ್ತಿಕೊಂಡು ಎದೆಗೊತ್ತಿಕೊಂಡರು.

ಸರೋವರ ನೋಡಲಿಲ್ಲ. ಮನೆಯ ಬಾಗಿಲಲ್ಲೇ ಗಂಡ ನನ್ನ ಮೇಲೆ ರೇಗಲು ಶುರುಮಾಡಿದ.

"ಅವಳನ್ನ ಯಾಕೋ ಬೈತೀಯಾ?" ಅತ್ತೆ ಅಡ್ಡ ಬಂದರು. "ನಂಗೇ ತೂಕಡಿಕೆ ಬಂದಿತ್ತು. ಇವಳು ಕರೆದಳಂತೆ, ಕೇಳಿಸ್ಲೇ ಇಲ್ಲ."

ಅವರು ತೂಕಡಿಸಿರಲಿಲ್ಲ. ನಾನು ಕರೆದೂ ಇರಲಿಲ್ಲ. ಹಾಗೆಂದು ಅವನ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ಊರಿಗೆ ಹೊರಡುವವರೆಗೂ ಅತ್ತೆ ದಾಗಿಸ್ ಮಾತು ಎತ್ತಲೇ ಇಲ್ಲ. ಎತ್ತಿ ನಾಲ್ಕು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.