ಮನೆ ನೋಡುವ ಹಾಗೆ ಎರಡು ಯೂನಿವರ್ಸಿಟಿ

ಹತ್ತಾರು ಮನೆ ನೋಡಲು ಹೋಗಿದ್ದೇನೆ, ಒಂದನ್ನೂ ನೋಡಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಹೆಣ್ಣು ಕೊಡುವ ಮೊದಲು ಹುಡುಗನ ಮನೆ ನೋಡಿ ಬರುವುದು ನಮ್ಮ ವಿಜಯಪುರದ ಕಡೆಯ ಪದ್ಧತಿ. ಮುಂಬೈಗೆ ಬಂದ ಮೇಲೂ ನಾವು ಅದನ್ನು ಬಿಟ್ಟಿಲ್ಲ. ಲೋಕಲ್ ಟ್ರೇನ್ ಹಿಡಿದು ಹೋಗುತ್ತೇವೆ, ಅಷ್ಟೇ. ಬಳಗದಲ್ಲಿ ಯಾರ ಮಗಳ ಮಾತು ಬಂದರೂ ಎಲ್ಲರೂ ಮೊದಲು ಕರೆಯುತ್ತಿದ್ದದ್ದು ನನ್ನ ಹೆಂಡತಿ ಮಹಾದೇವಿಯನ್ನು. ನಾನು ಜೊತೆಗೆ ಹೋಗಿ, ಕುರ್ಚಿಯಲ್ಲಿ ಕುಳಿತು, ಕೊಟ್ಟ ಚುರುಮುರಿ ತಿಂದು ‘ಛಲೋ ಅದ’ ಎನ್ನುತ್ತಿದ್ದೆ. ಅವಳು ಅಷ್ಟರಲ್ಲಿ ನೀರು ಕೇಳಿ, ಮನೆಯವರಲ್ಲಿ ಯಾರು ಎದ್ದು ತಂದರೆಂದು ಗಮನಿಸಿ, ಗ್ಲಾಸು ಇಡುವ ನೆಪದಲ್ಲಿ ಪಾತ್ರೆ ತೊಳೆಯುವ ಜಾಗದವರೆಗೂ ಹೋಗಿ ಬಂದಿರುತ್ತಿದ್ದಳು. ‘ಮುಂದಿನ ಖೋಲಿ ಎಲ್ಲಾರೂ ಛಲೋ ಇಟ್ಟಿರ್ತಾರ್ರೀ, ಹಿಂದ ನೋಡಬೇಕು’ ಎಂಬುದು ಅವಳ ಶಾಸ್ತ್ರ. ಬರುವಾಗ ಟ್ರೇನಿನಲ್ಲಿ ತೀರ್ಪು ಹೇಳುತ್ತಿದ್ದಳು. ನಾನು ತಿಂದ ಚುರುಮುರಿ ಆ ತೀರ್ಪಿನಲ್ಲಿ ಎಲ್ಲಿಯೂ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮಹಾದೇವಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಆಗ ಮಗಳು ಅಶ್ವಿನಿಗೆ ಎಂ.ಎ. ಓದಲು ಎರಡು ಯೂನಿವರ್ಸಿಟಿಗಳಲ್ಲಿ ಸೀಟು ಸಿಕ್ಕಿತು. ಒಂದು ನಮ್ಮ ಗೋರೆಗಾಂವದ ಮನೆಯಿಂದ ರಿಕ್ಷಾದಲ್ಲಿ ಹೋಗುವಷ್ಟು ಹತ್ತಿರ. ಇನ್ನೊಂದಕ್ಕೆ ಎರಡು ಟ್ರೇನ್ ಬದಲಿಸಬೇಕು; ಮನೆಗೆ ಮರಳುವಾಗ ರಾತ್ರಿ ಎಂಟು. ಸೋಮವಾರದೊಳಗೆ ಯಾವುದಾದರೂ ಒಂದನ್ನು ಒಪ್ಪಬೇಕಿತ್ತು.

“ಹತ್ತಿರದ್ದೇ ಇರಲಿ ಪಪ್ಪಾ, ಎರಡೂ ಸೇಮ್ ಅವ,” ಎಂದಳು ಅಶ್ವಿನಿ.

ಬೈಕುಲ್ಲಾದ ಸಗಟು ಅಂಗಡಿಯಲ್ಲಿ ದುಡಿಯುವ, ಹತ್ತನೇ ಇಯತ್ತೆ ಓದಿದ ನನಗೆ ಪಾಠಗಳನ್ನು ತೂಗಿ ನೋಡಲು ಬಾರದು. ಪಾಠ ಎರಡೂ ಕಡೆ ಸಿಕ್ಕೀತು. ಆದರೆ ತಾಯಿ ಹೋದಂದಿನಿಂದ ಇವಳು ಯಾರೊಂದಿಗೂ ಬಾಯಿ ಬಿಟ್ಟು ಮಾತಾಡಿರಲಿಲ್ಲ. ಗೆಳತಿಯರು ಫೋನ್ ಮಾಡಿ ಮಾಡಿ ಬಿಟ್ಟರು. ಇವಳನ್ನು ಮಾತಾಡಿಸುವ ಮಂದಿ ಎಲ್ಲಿದ್ದಾರೆ ಎಂಬುದೊಂದೇ ನನ್ನ ಪ್ರಶ್ನೆ. ಮಹಾದೇವಿ ಇದ್ದಿದ್ದರೆ ಹೋಗಿ ನೋಡುತ್ತಿದ್ದಳು. ನಾನೇ ನೋಡುತ್ತೇನೆಂದು ಮನಸ್ಸು ಗಟ್ಟಿ ಮಾಡಿದೆ. ರಜೆ ಹಾಕಿದೆ. ಇಸ್ತ್ರಿ ಅಂಗಿ ತೊಟ್ಟು, ಬರಿಗೈಯಲ್ಲಿ ಹೋಗಬಾರದೆಂದು ಅರ್ಧ ಕಿಲೋ ಪೇಢೆಯನ್ನೂ ಕಟ್ಟಿಸಿ, ಅಶ್ವಿನಿಯನ್ನು ಕರೆದುಕೊಂಡು ಹೊರಟೆ.

ಹತ್ತಿರದ ಯೂನಿವರ್ಸಿಟಿ ಗಾಜಿನದು. ಗೇಟಿನಲ್ಲಿ ಪೇಢೆಯನ್ನು ಮಷೀನಿನೊಳಗೆ ಹಾಯಿಸಿ ಕೊಟ್ಟರು. ಒಳಗೆ ತಂಪು, ಸೋಫಾ, ನೀರು ಕೇಳುವ ಮೊದಲೇ ಸೀಲ್ ಮಾಡಿದ ಬಾಟಲಿ. ಯಾರು ಎದ್ದು ತಂದರೆಂದು ನೋಡುವ ಅವಕಾಶವೇ ಇಲ್ಲ. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಜಾಗ ಎಲ್ಲಿ ಎಂದು ಹಿಂದಿಯಲ್ಲಿ ವಿಚಾರಿಸಿದೆ.

“ಕೇಟರಿಂಗ್ ವಾಲೆ ಹೋ ಕ್ಯಾ? ಪೀಛೇ ಕೆ ಗೇಟ್ ಸೆ ಆನಾ ಥಾ,” ಎಂದ ಮ್ಯಾನೇಜರ್, ಪೇಢೆಯ ಡಬ್ಬಿಯನ್ನೇ ನೋಡುತ್ತ. ನಾನು ಕೇಟರಿಂಗ್‌ನವನು, ಹಿಂದಿನ ಗೇಟಿನಿಂದ ಬರಬೇಕಿತ್ತು ಎಂದು ಅವನ ಲೆಕ್ಕ.

“ಪಪ್ಪಾ, ಪ್ಲೀಸ್. ನಡೀರಿ,” ಎಂದು ಅಶ್ವಿನಿ ನನ್ನ ತೋಳು ಹಿಡಿದೆಳೆದಳು.

ಅದಕ್ಕೂ ಮೊದಲೇ ಒಂದು ಕಂಡಿದ್ದೆ. ಹುಡುಗ ಹುಡುಗಿಯರು ಚೆಂದದ ಬಟ್ಟೆಯಲ್ಲಿ ಗುಂಪು ಗುಂಪಾಗಿ ಕುಳಿತಿದ್ದರು. ಅಶ್ವಿನಿ ಕುರ್ಚಿ ಹುಡುಕುತ್ತ ನಾಲ್ಕು ಮೇಜು ದಾಟಿದಳು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ತಲೆ ಎತ್ತಲಿಲ್ಲ, ಅಷ್ಟೇ.

ದೂರದ್ದರಲ್ಲಿ ಗೋಡೆಯ ಬಣ್ಣ ಸುಲಿದಿತ್ತು. ನೀರಿನ ನಳ ತಿರುಗಿಸಿ ಸೋತೆ. ನೆಲದ ಮೇಲೆ ಕುಳಿತು ಪೋಸ್ಟರ್ ಬರೆಯುತ್ತಿದ್ದ ಹುಡುಗಿಯೊಬ್ಬಳು ಬಣ್ಣದ ಕೈಯಲ್ಲೇ ಎದ್ದು ಬಂದು ನಳಕ್ಕೆ ಒಂದು ಗುದ್ದು ಹಾಕಿದಳು. ನೀರು ನನ್ನ ಇಸ್ತ್ರಿ ಅಂಗಿಗೆ ಬಂತು.

“ಸಾರಿ ಅಂಕಲ್! ಯೆ ಐಸಾಚ್ ಹೈ. ಡಬ್ಬೆ ಮೆ ಕ್ಯಾ ಹೈ?”

ಈ ನಳ ಇರುವುದೇ ಹೀಗೆ ಎಂದವಳು ಡಬ್ಬಿಯಲ್ಲಿ ಏನಿದೆ ಎಂದು ಕೇಳಿದಳು; ಪೇಢೆ ಎಂದೆ. ಅವಳೂ ಜೊತೆಗೆ ಪೋಸ್ಟರ್ ಬರೆಯುತ್ತಿದ್ದವರೂ ಸೇರಿ ಐದು ನಿಮಿಷದಲ್ಲಿ ಅರ್ಧ ಡಬ್ಬಿ ಖಾಲಿ. ತಿಂದ ಉಪಕಾರಕ್ಕೋ ಏನೋ, ಆ ಹುಡುಗಿ ಅಶ್ವಿನಿಯ ಕೈಗೆ ಬ್ರಶ್ ಕೊಟ್ಟು ಕೂರಿಸಿದಳು. ನಾನು ಕಂಬದ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ನನ್ನ ಮಗಳು ಯಾರಿಗೋ ಎದುರು ಮಾತಾಡಿದ್ದು, ಆಮೇಲೆ ನಕ್ಕಿದ್ದು ಕೇಳಿಸಿತು. ಒಂಬತ್ತು ತಿಂಗಳ ಮೇಲೆ ಕೇಳಿದ ನಗು. ನೀರು ಕುಡಿಯುವುದು ಮರೆತೇಹೋಯಿತು.

ಮರಳುವಾಗ ಟ್ರೇನಿನಲ್ಲಿ ತೀರ್ಪು ಹೇಳಿದೆ: “ದೂರದ್ದು.”

“ಬ್ಯಾಡ ಪಪ್ಪಾ.”

“ಯಾಕವ್ವಾ? ಅಲ್ಲಿ ನಕ್ಕಿ ನೀ.”

“ನಾ ಎಂಟಕ್ಕ ಬಂದ್ರ ನೀವು ಏನ್ ಉಣ್ತೀರಿ? ಬಿಸ್ಕೀಟಾ?”

ಆಗ ನನಗೆ ತಿಳಿಯಿತು. ನಾನು ಯೂನಿವರ್ಸಿಟಿ ನೋಡುತ್ತಿದ್ದೆ, ಇವಳು ನನ್ನನ್ನು ನೋಡುತ್ತಿದ್ದಳು. ಮನೆಯಲ್ಲಿ ಅಪ್ಪನೊಬ್ಬನನ್ನೇ ಬಿಟ್ಟು ಹೋಗಬಹುದೋ ಇಲ್ಲವೋ ಎಂದು ಲೆಕ್ಕ ಹಾಕಿಯೇ ಹತ್ತಿರದ್ದನ್ನು ಆರಿಸಿದ್ದಳು. ಇದಕ್ಕೆ ಮಾತಿನಲ್ಲಿ ಉತ್ತರ ಕೊಟ್ಟು ಪ್ರಯೋಜನವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಶ್ವಿನಿಯನ್ನು ಅಡುಗೆಮನೆಯಿಂದ ಹೊರಗೆ ಹಾಕಿದೆ. ಕಡಲೆ ಹಿಟ್ಟು, ಉಳ್ಳಾಗಡ್ಡಿ, ಖಾರ ಹಾಕಿ ಝುಣಕ ಮಾಡಿದೆ. ಒಗ್ಗರಣೆ ಒಮ್ಮೆ ಸೀದು ಮತ್ತೊಮ್ಮೆ ಹಾಕಿದೆ. ಅನ್ನ ಮಾತ್ರ ಅನ್ನದಂತೆಯೇ ಆಗಿತ್ತು. ಅವಳು ಒಂದು ತುತ್ತು ತಿಂದು ಬಹಳ ಹೊತ್ತು ಅಗಿದಳು.

“ಗಂಟ್ ಗಂಟ್ ಆಗ್ಯದ.”

“ತಿನ್ಲಿಕ್ಕ ಬರ್ತದೋ ಇಲ್ಲೋ, ಅದನ್ನ ಹೇಳು.”

“ಬರ್ತದ,” ಎಂದಳು. ತಟ್ಟೆ ಖಾಲಿ ಮಾಡಿ, ಕೈ ತೊಳೆದು ಬಂದು, ಫೋನ್ ತೆಗೆದು ದೂರದ್ದನ್ನು ಒಪ್ಪಿದಳು.

ಈಗ ಎರಡು ತಿಂಗಳಾಯಿತು. ಮೊನ್ನೆ ಆ ಪೋಸ್ಟರಿನ ಹುಡುಗಿಯನ್ನೂ ಇನ್ನೊಬ್ಬಳನ್ನೂ ಅಶ್ವಿನಿ ಊಟಕ್ಕೆ ಕರೆತಂದಳು. ನನ್ನ ಝುಣಕದಲ್ಲಿ ಇನ್ನೂ ಗಂಟಾಗುತ್ತದೆ. ಆ ಗಂಟುಗಳೇ ನಮ್ಮ ವಿಜಯಪುರದ ವಿಶೇಷ ಎಂದುಕೊಂಡು ಇಬ್ಬರೂ ಹುಡುಕಿ ಹುಡುಕಿ ಬಡಿಸಿಕೊಂಡರು. ಅಶ್ವಿನಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಹೌದು ಹೌದು, ಹಾಗೇ ಮಾಡುವುದು ಎಂದೆ.