ಹೊಸ ಯಂತ್ರದ ಹಣೆ

ಕೈಗೆ ಕೆಲಸವನ್ನೂ ಕೆಲಸಕ್ಕೆ ಗೌರವವನ್ನೂ ಕರುಣಿಸಿದ ವಿಶ್ವಕರ್ಮನಿಗೆ ಮೊದಲ ವಂದನೆ. ಕಂಡದ್ದನ್ನು ಈ ಮುಪ್ಪಿನಲ್ಲಿಯೂ ಮರೆಯಗೊಡದ ತಾಯಿ ಶಾರದೆಗೆ ಎರಡನೆಯದು.

ಇಂದು ಬೆಳಿಗ್ಗೆ ದೇವರ ಪೂಜೆಗೆ ಗಂಧ ತೇಯುತ್ತಿದ್ದೆ. ಕೆಳಗಿನ ಸ್ಕೂಟರ್ ಗ್ಯಾರೇಜಿನವರು ಆಗಷ್ಟೇ ಬಾಗಿಲು ತೆರೆದಿದ್ದರು. ಅಲ್ಲಿಂದ ಮೇಲೇರಿ ಬಂದ ಆಯಿಲ್ ವಾಸನೆ ಗಂಧದ ಪರಿಮಳದೊಡನೆ ಬೆರೆಯಿತು. ಸಾಣೆಕಲ್ಲಿನ ಮೇಲೆ ನನ್ನ ಕೈ ನಿಂತಿತು. ಎದುರುಮನೆಯಾಕೆ ನೆನಪಾದರು...

ಗದಗಿನ ಕಡೆಯಿಂದ ಬಂದು ಮತ್ತಿಕೆರೆಯ ನಮ್ಮ ಬೀದಿಯಲ್ಲಿ ನೆಲೆಸಿದ್ದ ಆಕೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ವಾಹನಗಳ ಸಣ್ಣ ಬಿಡಿಭಾಗಗಳು ಅಲ್ಲಿ ತಯಾರಾಗುತ್ತಿದ್ದವು. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕುಳಿತ ಹೆಂಗಸರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕೆಟ್ಟದ್ದನ್ನು ಬೇರೆ ಇಡುತ್ತಿದ್ದರು. ಆ ಸಾಲಿಗೆ ಈಕೆಯೇ ಹಿರಿಯರು. ಗಂಡ ಹಾಸಿಗೆ ಹಿಡಿದಿದ್ದರಿಂದ ಮನೆ ನಡೆಯುತ್ತಿದ್ದುದು ಆ ಒಂದು ದುಡಿಮೆಯಿಂದಲೇ.

ಅಲ್ಲಿನ ಆಯುಧಪೂಜೆ ಮಾಡಿಸಲು ಪ್ರತಿವರ್ಷ ನನ್ನನ್ನೇ ಕರೆಯುತ್ತಿದ್ದರು. ಆ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಮಂಗಳಾರತಿಗೆ ಮೊದಲು ಪ್ರತಿಯೊಬ್ಬರೂ ತಮ್ಮ ತಮ್ಮ ಉಪಕರಣಕ್ಕೆ ತಾವೇ ಗಂಧ ಕುಂಕುಮ ಹಚ್ಚಬೇಕು. ಇನ್ನೊಬ್ಬರ ಕೈಗೆ ಆ ಅಧಿಕಾರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಆ ವರ್ಷ ಹೆಂಗಸರ ಮೇಜಿನ ಅರ್ಧ ಭಾಗವನ್ನು ತೆಗೆದು, ಅಲ್ಲಿ ಒಂದು ರೋಬೋಟನ್ನು ನಿಲ್ಲಿಸಿದ್ದರು. ಆಳೆತ್ತರದ ಒಂಟಿ ಕೈ. ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆದಿದ್ದರು. ಮಣಿಕಟ್ಟಿನ ಬಳಿ ಗಾಜಿನ ಬಿಲ್ಲೆಯೊಂದು ಹೊಳೆಯುತ್ತಿತ್ತು. ಬಿಡಿಭಾಗವನ್ನು ಅದೇ ಎತ್ತಿ, ಅದೇ ನೋಡಿ, ಅದೇ ಬೇರ್ಪಡಿಸುತ್ತದೆಂದು ಮಾಲೀಕರು ಹೇಳಿದರು. ಅದನ್ನು ನಡೆಸುವ ಎಂಜಿನಿಯರು ಹಬ್ಬಕ್ಕೆಂದು ಪುಣೆಗೆ ಹೋಗಿದ್ದರು. ಹಾಗಾಗಿ ಎಲ್ಲ ಯಂತ್ರಗಳಿಗೂ ಗಂಧ ಬಿದ್ದರೂ ಅದಕ್ಕೆ ಮಾತ್ರ ಹಚ್ಚುವವರಿರಲಿಲ್ಲ.

ಮಾಲೀಕರು ಕಚೇರಿಯ ಕಡೆ ಹೋಗಿದ್ದಾಗ ಎದುರುಮನೆಯಾಕೆ ಗಂಧದ ಬಟ್ಟಲು ಹಿಡಿದು, ಹಬ್ಬಕ್ಕೆಂದು ಆರಿಸಿಟ್ಟಿದ್ದ ಆ ಯಂತ್ರದತ್ತ ನಡೆದರು. ಪಕ್ಕದಾಕೆ ಸೆರಗು ಜಗ್ಗಿದಳು. "ನಮ್ ಅನ್ನಕ್ಕೆ ಕಲ್ಲು ಹಾಕೋಕ್ ಬಂದಿರೋದಕ್ಕೆ ಗಂಧ ಬೇರೆ ಕೇಡು, ಬಾ ಅಕ್ಕ!"

"ಹೊಸಾ ಸೊಸಿ ಬಂದಂಗ ಬಂದೈತಿ. ಜಗಳಾಡ್ತೈತೋ ಬಿಡ್ತೈತೋ ಆಮ್ಯಾಲ ನೋಡೂಣು. ಹಬ್ಬದ ದಿನ ಬರೀ ಹಣಿಲೆ ನಿಲ್ಲಬಾರ್ದವಾ," ಎಂದು ಆಕೆ ಸುತ್ತಲಿದ್ದ ಹೆಂಗಸರನ್ನೆಲ್ಲ ನಗಿಸಿದರು. ಹಣೆಯ ಹಾಗೆ ಕಂಡ ಆ ಗಾಜಿನ ಬಿಲ್ಲೆಗೆ ಧಾರಾಳವಾಗಿ ಗಂಧ ಬಳಿದು, ನಡುವೆ ಕುಂಕುಮವಿಟ್ಟರು.

ವಿಜಯದಶಮಿ ಕಳೆದ ಮರುದಿನ ಮಾಲೀಕರ ಕರೆ ಬಂತು. "ಶಾಸ್ತ್ರಿಗಳೇ, ಪೂಜೇಲಿ ಏನಾದ್ರೂ ಲೋಪ ಆಯ್ತಾ? ಮೆಷೀನ್ ಕೈ ಎತ್ತಿದ್ದು ಇಳಿಸ್ತಾನೇ ಇಲ್ಲ!"

ನಾನು ಹೋದಾಗ ಹೆಂಗಸರೆಲ್ಲ ಗೋಡೆಯ ಪಕ್ಕ ನಿಂತಿದ್ದರು. ಆ ಬಿಲ್ಲೆ ಯಂತ್ರದ ಕಣ್ಣು, ಕ್ಯಾಮೆರಾ, ಎಂದು ಎಂಜಿನಿಯರು ಫೋನಿನಲ್ಲಿ ತಿಳಿಸಿದ್ದರಂತೆ. ಒಣಗಿದ ಗಂಧ ಆ ಕಣ್ಣನ್ನು ಮುಚ್ಚಿತ್ತು.

"ಬೇಕೂ ಅಂತ್ಲೇ ಮಾಡವ್ರೆ ಸಾರ್, ಹೊಟ್ಟೆಯುರಿ," ಎಂದ ಸೂಪರ್‌ವೈಸರ್.

ಮಾಲೀಕರ ಮುಖ ಬಿಗಿದಿತ್ತು. "ಯಾರ್ ಹಚ್ಚಿದ್ದು ಹೇಳಿ. ಇಲ್ಲಾಂದ್ರೆ ನಾಳೆಯಿಂದ ಈ ಸಾಲಿನೋರು ಒಬ್ರೂ ಬರೋದ್ ಬೇಡ."

ಸೆರಗು ಜಗ್ಗಿದ್ದವಳೂ ತಲೆ ತಗ್ಗಿಸಿ ನಿಂತಳು. ಎದುರುಮನೆಯಾಕೆ ತಾವಾಗಿಯೇ ಮುಂದೆ ಬಂದರು.

"ನಾನ ಹಚ್ಚೀನ್ರಿ ಸರ. ಅದು ಬಂದಾಗಿಂದ ಹಳದಿ ಗೆರಿ ದಾಟಬ್ಯಾಡ್ರಿ ಅಂತ ಒಂದಾ ಮಾತು ಹೇಳಿರಿ. ಇದು ಕಣ್ಣು, ಇದು ಹಣಿ ಅಂತ ಯಾರರ ನಮಗ ತೋರಿಸಿರೇನ್ರಿ? ಕಲಿಸಿದ್ರ ಹಿಂಗ್ಯಾಕ ಆಗ್ತಿತ್ತು? ನನ್ನ ತಗೀರಿ ಬೇಕಾದ್ರ. ಉಳಿದೋರಿಗೆ ಕಲಿಸ್ರಿ."

ಮಾಲೀಕರು ನನ್ನತ್ತ ನೋಡಿದರು. ಪೂಜೆಯಲ್ಲಿ ಲೋಪವಾಗಿಲ್ಲವೆಂದೂ, ಮನೆಗೆ ತಂದ ಹೊಸಬರನ್ನು ಮನೆಯವರಿಗೆ ಪರಿಚಯಿಸದಿದ್ದುದೇ ಲೋಪವೆಂದೂ ನಾನು ಹೇಳಿದೆ. ಅವರು ವಿದ್ಯುತ್ತನ್ನು ಆರಿಸಲು ಹೇಳಿ, ಮೆತ್ತನೆಯ ಬಟ್ಟೆಯೊಂದನ್ನು ತಾವೇ ತಂದು ಆಕೆಯ ಕೈಗಿತ್ತರು. ಆಕೆ ಹಳದಿ ಗೆರೆ ದಾಟಿ, ಕೂಸಿನ ಮುಖ ಒರೆಸುವಂತೆ ಆ ಗಾಜನ್ನು ಒರೆಸಿದರು. ಮತ್ತೆ ಚಾಲೂ ಮಾಡಿದಾಗ ಯಂತ್ರ ಮೆಲ್ಲನೆ ಕೈ ಇಳಿಸಿತು.

"ಈಗರ ಹೇಳ್ರಿ, ಇದರ ಹಣಿ ಯಾವುದು?" ಎಂದರು ಆಕೆ. ಮಾಲೀಕರಿಗೂ ನಗು ತಡೆಯಲಾಗಲಿಲ್ಲ.

ಎಂಜಿನಿಯರು ಹಿಂತಿರುಗಿದ ಮೇಲೆ, ಆಕೆಯೂ ಸೇರಿ ಆ ಸಾಲಿನ ಹೆಂಗಸರಿಗೇ ಪಾಠ ಆರಂಭವಾಯಿತು. ಎಲ್ಲರಿಗೂ ಅದು ಒಗ್ಗಿತೆಂದು ಹೇಳಲಾರೆ. ಕೆಲವರು ಬಿಟ್ಟು ಗಾರ್ಮೆಂಟ್ಸಿಗೆ ಹೋದರು. ಆಕೆಗೆ ಆ ಕೊರಗು ಕೊನೆಯವರೆಗೂ ಇತ್ತು. ಆದರೆ ಉಳಿದವರು ಯಂತ್ರಕ್ಕೆ ಕೆಲಸ ಹೇಳಿಕೊಡುವಷ್ಟಾದರು. ಮನುಷ್ಯ ಕಲಿಯಲು ಸಿದ್ಧನಾಗಿ, ಕಲಿಸುವವರೂ ಮನಸ್ಸು ಮಾಡಿದರೆ ಯಾವ ಯಂತ್ರಕ್ಕೂ ಅಂಜಬೇಕಿಲ್ಲವೆಂಬ ನನ್ನ ನಂಬಿಕೆ ಪುಸ್ತಕದಿಂದ ಬಂದದ್ದಲ್ಲ, ಅಲ್ಲಿ ಕಣ್ಣಾರೆ ಕಂಡದ್ದು.

ಕಳೆದ ಚಳಿಗಾಲದಲ್ಲಿ ಆಕೆ ತೀರಿಕೊಂಡರು. ಅಂದು ತಲೆ ತಗ್ಗಿಸಿ ನಿಂತಿದ್ದಾಕೆಯೇ ಈಗ ಅದೇ ಕಾರ್ಖಾನೆಯ ಮಾಕಳಿಯ ಹೊಸ ಶೆಡ್ಡಿನಲ್ಲಿ ಹೊಸಬರಿಗೆ ಕಲಿಸುತ್ತಿದ್ದಾಳೆಂದು ಕೇಳಿದೆ. ಅದನ್ನು ಎದುರುಮನೆಗೆ ಹೋಗಿ ಹೇಳೋಣವೆಂದರೆ ಅಲ್ಲಿ ಈಗ ಬೇರೆ ಸಂಸಾರವಿದೆ...

ಕಲಿತವರಿಗೆ ಒಳ್ಳೆಯದಾಗಲಿ, ಕಲಿಸಿದವರಿಗೆ ಒಳ್ಳೆಯದಾಗಲಿ. ಕೋಪವನ್ನು ನುಂಗಿಕೊಂಡ ಆ ಮಾಲೀಕರಿಗೂ ದೂರಿದ ಸೂಪರ್‌ವೈಸರನಿಗೂ ಒಳ್ಳೆಯದಾಗಲಿ. ಬಿಟ್ಟುಹೋದವರು ಎಲ್ಲಿದ್ದರೂ ಅವರ ಕೈಗೆ ಕೆಲಸ ತಪ್ಪದಿರಲಿ.